ಮೊದಲ ಸಲ ಕಾಣಿಸಿಕೊಂಡದ್ದು ಯಾವ ಸಂಚಿಕೆಯಲ್ಲಿ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಕಾಮಿಕ್ಸ್ ಸಂಗ್ರಹ

ಈ ಸಲ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯ ಕೇಳಿವೆ. ನಾಯಕನೊಬ್ಬ ಮೊದಲು ಕಾಣಿಸಿಕೊಂಡ ಪುಸ್ತಕ ಯಾವುದು? ಎರಡು ಪ್ರತಿ ಎದುರಿಗಿದ್ದರೆ ಯಾವುದನ್ನು ಕೊಳ್ಳಬೇಕು? ಪತ್ರಗಳನ್ನು ಚಿಕ್ಕದಾಗಿಸಿ ಕೊಟ್ಟಿದ್ದೇವೆ.

ಅಮೆರಿಕದ ಮಾರ್ವೆಲ್ ಸಂಸ್ಥೆಯ ಹಲ್ಕ್ ಕಾಮಿಕ್ಸ್‌ನ 180, 181, 182 ಮೂರರಲ್ಲೂ ವುಲ್ವರಿನ್ ಎಂಬ ನಾಯಕ ಇದ್ದಾನೆ. ಮಾರುವವರು ಮೂರನ್ನೂ ‘ಫಸ್ಟ್’ ಅನ್ನುತ್ತಾರೆ. 181ರ ಎರಡು ಪ್ರತಿ ನೋಡಿಟ್ಟಿದ್ದೇನೆ. ಒಂದು ಹೊಸದರಂತೆ ಹೊಳೆಯುತ್ತಿದೆ, ಆದರೆ ಒಳಗೊಂದು ಪುಟದಲ್ಲಿ ಸಣ್ಣ ಚೌಕ ಕತ್ತರಿಸಿದೆ. ಇನ್ನೊಂದರ ಮುಖಪುಟ ಮಡಚಿ ಬಣ್ಣ ಹೋಗಿದೆ, ಹಾಳೆಗಳೆಲ್ಲ ಇವೆ. ಅಮೆರಿಕದಲ್ಲಿರುವ ನನ್ನ ತಮ್ಮ, ಊರಿಗೆ ಬರುವಾಗ ಒಂದನ್ನು ತರುತ್ತಾನೆ. ಯಾವುದನ್ನು ಹೇಳಲಿ?
— ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ

ಮಡಚಿದ್ದನ್ನೇ ತರಲು ಹೇಳಿ.

ಮೊದಲು ಸಂಚಿಕೆಗಳ ಲೆಕ್ಕ ನೋಡೋಣ. 1974ರ ಅಕ್ಟೋಬರ್‌ ತಿಂಗಳ 180ರಲ್ಲಿ ವುಲ್ವರಿನ್ ಬರುವುದು ಕೊನೆಯ ಪುಟದ ಕೊನೆಯ ಚೌಕದಲ್ಲಿ ಮಾತ್ರ, ಮುಂದಿನ ತಿಂಗಳಿಗೆ ಓದುಗರನ್ನು ಕಾಯಿಸಲಿಕ್ಕೆ. ನವೆಂಬರ್‌ನ 181ರಲ್ಲಿ ಅವನು ಮುಖಪುಟದಲ್ಲೇ ಇದ್ದಾನೆ, ಒಳಗೆ ಹಲ್ಕ್ ಮತ್ತು ವೆಂಡಿಗೋ ಎಂಬ ರಾಕ್ಷಸನ ಜೊತೆ ಕಾದಾಡುತ್ತಾನೆ. ಡಿಸೆಂಬರ್‌ನ 182ರ ಆರಂಭದಲ್ಲಿ ಸ್ವಲ್ಪ ಹೊತ್ತು ಇದ್ದು ಹೊರಟುಹೋಗುತ್ತಾನೆ. ಕಟ್ಟುನಿಟ್ಟಾಗಿ ದಿನಾಂಕ ನೋಡಿದರೆ ‘ಮೊದಲು’ 180ಕ್ಕೇ ಸಲ್ಲಬೇಕು. ಆದರೆ ಸಂಗ್ರಾಹಕರು ಇಣುಕಿ ಹೋದ ಸಂಚಿಕೆ ಬೇರೆ, ಪೂರ್ತಿ ಪ್ರವೇಶದ ಸಂಚಿಕೆ ಬೇರೆ ಎಂದು ಎಣಿಸುತ್ತಾರೆ. ಮೊದಲನೆಯದನ್ನು ಕ್ಯಾಮಿಯೋ ಎನ್ನುತ್ತಾರೆ. ಬೆಲೆ ನಿಂತಿರುವುದು ಎರಡನೆಯದರ ಮೇಲೆ, ಹಾಗಾಗಿ 181 ಬಹಳ ಮುಂದಿದೆ, 180 ಅದರ ಹಿಂದೆ, 182 ಇನ್ನೂ ಹಿಂದೆ. ಈ ಪದ್ಧತಿ ನಮಗೂ ಸರಿ ಅನ್ನಿಸುತ್ತದೆ. ಪಾತ್ರದ ಮಾತು, ನಡೆ, ಸಿಟ್ಟು ಓದುಗರಿಗೆ ತಿಳಿದದ್ದು 181ರಲ್ಲಿ. ಲೆನ್ ವೀನ್ ಬರೆದು ಹರ್ಬ್ ಟ್ರಿಂಪ್ ಚಿತ್ರ ಬಿಡಿಸಿದ ಕಥೆ ಅದು. ವೇಷದ ವಿನ್ಯಾಸ ಹಿರಿಯ ಜಾನ್ ರೊಮಿಟಾ ಅವರದು.

ಈಗ ನಿಮ್ಮ ಎರಡು ಪ್ರತಿಗಳಿಗೆ ಬರೋಣ. ಆ ಚೌಕದ ತೂತು ಇಲಿ ಕಡಿದದ್ದಲ್ಲ, ಕತ್ತರಿಯಿಂದ ಆದದ್ದು. 1974ರಲ್ಲಿ ಮಾರ್ವೆಲ್‌ನವರು ಓದುಗರ ಪತ್ರಗಳ ಪುಟದಲ್ಲಿ ‘ವ್ಯಾಲ್ಯೂ ಸ್ಟ್ಯಾಂಪ್’ ಎಂಬ ಅಂಚೆಚೀಟಿಯಂಥ ಚಿತ್ರ ಮುದ್ರಿಸಿ, ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿಕೊಳ್ಳಲು ಮಕ್ಕಳಿಗೆ ಹೇಳುತ್ತಿದ್ದರು. 181ರಲ್ಲಿರುವುದು 54ನೇ ಚೀಟಿ, ಶಾನಾ ಎಂಬ ಪಾತ್ರದ್ದು. ಮಕ್ಕಳು ಹೇಳಿದಂತೆ ಮಾಡಿದರು. ಹಾಗಾಗಿ ಹೊರಗೆ ಚೆಂದ ಕಾಣುವ ಎಷ್ಟೋ 181ಗಳ ಹೊಟ್ಟೆಯಲ್ಲಿ ತೂತಿದೆ. ದರ್ಜೆ ನಿಗದಿ ಮಾಡಿ ಪುಸ್ತಕವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಡುವ ಅಮೆರಿಕದ ಸಿ.ಜಿ.ಸಿ. ಸಂಸ್ಥೆ ಇಂಥ ಪ್ರತಿಗೆ ಸಾಮಾನ್ಯವಾಗಿ ದರ್ಜೆ ಬರೆದ ಮಾಮೂಲಿ ನೀಲಿ ಚೀಟಿ ಕೊಡದೆ ಹಸಿರು ಚೀಟಿ ಹಚ್ಚುತ್ತದೆ. ‘ದರ್ಜೆ ಇಷ್ಟು, ಆದರೆ ಇಂಥ ಕೊರತೆ ಇದೆ’ ಎಂದು ಅದರ ಅರ್ಥ. ಮಡಿಕೆ, ಬಣ್ಣ ಹೋದದ್ದು ವಯಸ್ಸಿನ ಗುರುತು. ತುಂಡು ಹೋದದ್ದು ಹಾಗಲ್ಲ, ಆ ಪುಸ್ತಕ ಇನ್ನೆಂದೂ ಪೂರ್ತಿಯಾಗುವುದಿಲ್ಲ.

ಇದರಲ್ಲಿ ಇನ್ನೊಂದು ಮೋಸ ನಡೆಯುತ್ತದೆ. ಅದೇ 54ನೇ ಚೀಟಿ ಬೇರೆ ಅಗ್ಗದ ಸಂಚಿಕೆಗಳಲ್ಲೂ ಬಂದಿದೆ. ಅಲ್ಲಿಂದ ಕತ್ತರಿಸಿ ಇಲ್ಲಿಗೆ ಅಂಟಿಸಿ ‘ಚೀಟಿ ಇದೆ’ ಎಂದು ಮಾರುತ್ತಾರೆ. ತಮ್ಮನಿಗೆ ಹೀಗೆ ನೋಡಲು ಹೇಳಿ: ಆ ಹಾಳೆಯೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯಬೇಕು. ಅಂಟಿಸಿದ್ದರೆ ಚೌಕದ ಸುತ್ತ ಕೂದಲೆಳೆಯ ಗೆರೆ ಅಥವಾ ಅಂಟಿನ ಕಪ್ಪು ನೆರಳು ಕಾಣುತ್ತದೆ. ಆಮೇಲೆ ಹಾಳೆ ಮಗುಚಿ ಹಿಂಬದಿ ನೋಡಬೇಕು. ಅಲ್ಲಿನ ಅಕ್ಷರ, ಚಿತ್ರ ಚೌಕದ ಗೆರೆ ದಾಟುವಾಗ ತುಂಡಾದರೆ ಚೀಟಿ ಬೇರೆ ಪುಸ್ತಕದ್ದು.

ಮುಖಪುಟದ ಬೆಲೆ 25 ಸೆಂಟ್ ಇದ್ದ ಮಾತ್ರಕ್ಕೆ ಅಸಲಿ ಎಂದು ತಿಳಿಯಬೇಡಿ. ಹಳೆಯ ಮುಖಪುಟವನ್ನೇ ಹೊದಿಸಿದ ಮರುಮುದ್ರಣಗಳು ಬಂದಿವೆ. ಒಳಗೆ ಮೊದಲ ಪುಟದ ಬುಡದಲ್ಲೋ ಮುಖಪುಟದ ಒಳಮೈಯಲ್ಲೋ ಸಣ್ಣ ಅಕ್ಷರದ ಪ್ರಕಾಶನ ವಿವರ ಇರುತ್ತದೆ. ಸಂಚಿಕೆಯ ಹೆಸರು, ತಿಂಗಳು, ವರ್ಷ ಅಲ್ಲಿ ಓದಿ ನಂಬಿ.

ಸ್ಪೈಡರ್‌ಮ್ಯಾನ್‌ಗೆ ಅವನದೇ ಹೆಸರಿನ ನಂ. 1 ಇರುವಾಗ ಬೇರೆ ಪುಸ್ತಕದ 15ನೇ ಸಂಚಿಕೆಗೆ ಅಷ್ಟು ಬೆಲೆ ಏಕೆ?
— ವಿದ್ಯಾನಗರ, ದಾವಣಗೆರೆ

ಅವನು ಹುಟ್ಟಿದ್ದು ‘ಅಮೇಜಿಂಗ್ ಫ್ಯಾಂಟಸಿ’ 15ರಲ್ಲಿ, 1962ರ ಆಗಸ್ಟ್‌ ಸಂಚಿಕೆ, ಬೆಲೆ 12 ಸೆಂಟ್. ಆ ಪತ್ರಿಕೆ ಅಲ್ಲಿಗೇ ನಿಂತಿತು. ಸ್ವಂತ ಹೆಸರಿನ ಪತ್ರಿಕೆಯ ನಂ. 1 ಬಂದದ್ದು 1963ರ ಮಾರ್ಚ್‌ ತಾರೀಕಿನಲ್ಲಿ. ಸೂಪರ್‌ಮ್ಯಾನ್ ಹುಟ್ಟಿದ್ದೂ ‘ಆ್ಯಕ್ಷನ್ ಕಾಮಿಕ್ಸ್’ ನಂ. 1ರಲ್ಲಿ, ಜೂನ್ 1938. ಅವನ ಹೆಸರಿನ ಪತ್ರಿಕೆ 1939ರಲ್ಲಿ. ಬ್ಯಾಟ್‌ಮ್ಯಾನ್ ಹುಟ್ಟಿದ್ದು ‘ಡಿಟೆಕ್ಟಿವ್ ಕಾಮಿಕ್ಸ್’ 27ರಲ್ಲಿ, ಮೇ 1939. ಅವನ ಹೆಸರಿನ ನಂ. 1 ಬಂದದ್ದು 1940ರಲ್ಲಿ. ಆದರೆ ಈ ಕೊನೆಯದನ್ನು ಕಡೆಗಣಿಸುವಂತಿಲ್ಲ, ಜೋಕರ್ ಮತ್ತು ಕ್ಯಾಟ್‌ವುಮನ್ ಮೊದಲು ಬಂದದ್ದು ಅದರಲ್ಲೇ. ಹಾಗಾಗಿ ಸಂಖ್ಯೆ ನೋಡುವ ಮುಂಚೆ ‘ಇದರಲ್ಲಿ ಯಾರು ಹುಟ್ಟಿದರು’ ಎಂದು ಕೇಳಿಕೊಳ್ಳಿ.

ಸ್ಪೈಡರ್‌ಮ್ಯಾನ್ ನಂ. 1 ಎದುರಾದರೆ ಒಂದು ಎಚ್ಚರಿಕೆ. 1966ರಲ್ಲಿ ಗ್ರಾಮಫೋನ್ ತಟ್ಟೆಯ ಜೊತೆ ಅದರದೊಂದು ಮರುಮುದ್ರಣ ಬಂದಿತ್ತು. ಅದರ ಮುಖಪುಟದಲ್ಲಿ ಬೆಲೆ ಇಲ್ಲ. ಅದಕ್ಕೂ ಬೇಡಿಕೆ ಇದೆ, ಆದರೆ ಅಸಲಿಯ ಬೆಲೆ ಕೊಡಬಾರದು. ಇಂಗ್ಲೆಂಡಿಗೆ ಹೋದ ಪ್ರತಿಗಳಲ್ಲಿ ಸೆಂಟ್ ಬದಲು ಪೆನ್ಸ್ ಬೆಲೆ ಇರುತ್ತದೆ. ಅವು ಅಮೆರಿಕದಲ್ಲೇ ಅಚ್ಚಾದ ಅಸಲಿ ಪುಸ್ತಕಗಳು, ನಕಲಿಯೆಂದು ಬಿಟ್ಟುಬಿಡಬೇಡಿ. ಆ ಕಾಲದ ಮಾರ್ವೆಲ್ ಪುಸ್ತಕಗಳ ಬಲ ಅಂಚಿನಲ್ಲಿ ಮುಖಪುಟ ಚಿಕ್ಕ ಚಿಕ್ಕ ಚೂರಾಗಿ ಉದುರಿರುವುದು ಸಾಮಾನ್ಯ. ಅಚ್ಚುಕೂಟದ ಕತ್ತರಿಸುವ ಅಲಗು ಮೊಂಡಾಗಿ ಆದದ್ದು ಅದು. ಯಾರೋ ಕೈಯಿಂದ ಹರಿದದ್ದೆಂದು ತಪ್ಪು ತಿಳಿಯಬೇಡಿ.

ಅಜ್ಜನ ಟ್ರಂಕಿನಲ್ಲಿ ಇಂದ್ರಜಾಲ ಕಾಮಿಕ್ಸ್ ಸುಮಾರು ನಲವತ್ತು ಸಿಕ್ಕಿವೆ. ಕೆಲವನ್ನು ಐದೈದರಂತೆ ಬೈಂಡ್ ಮಾಡಿಸಿದ್ದಾರೆ. ಫ್ಯಾಂಟಮ್‌ನ ಮೊದಲನೆಯದು ಇದರಲ್ಲಿ ಇದೆಯೇ ಎಂದು ತಿಳಿಯುವುದು ಹೇಗೆ? ಬೈಂಡ್ ಬಿಚ್ಚಬಹುದೇ?
— ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಬೈಂಡ್ ಬಿಚ್ಚಬೇಡಿ. ಬೇರೆಲ್ಲ ಆಮೇಲೆ.

ಇಂದ್ರಜಾಲ ಶುರುವಾದದ್ದು 1964ರ ಮಾರ್ಚ್‌ನಲ್ಲಿ, ಟೈಮ್ಸ್ ಆಫ್ ಇಂಡಿಯಾ ಬಳಗದಿಂದ. ಮೊದಲ ಸಂಚಿಕೆಯೇ ಫ್ಯಾಂಟಮ್‌ನ ಬೆಲ್ಟಿನ ಕಥೆ, ಬೆಲೆ 60 ಪೈಸೆ. 1990ರಲ್ಲಿ ನಿಲ್ಲುವ ಹೊತ್ತಿಗೆ ಎಂಟುನೂರಕ್ಕೂ ಹೆಚ್ಚು ಸಂಚಿಕೆ ಬಂದಿದ್ದವು. ಆದರೆ ಲೀ ಫಾಕ್ ಅವರ ಫ್ಯಾಂಟಮ್ ಹುಟ್ಟಿದ್ದು 1936ರ ಫೆಬ್ರುವರಿ 17ರಂದು, ಅಮೆರಿಕದ ದಿನಪತ್ರಿಕೆಯ ಪಟ್ಟಿಚಿತ್ರವಾಗಿ. ನಮ್ಮಲ್ಲೂ ಇಂದ್ರಜಾಲಕ್ಕೆ ಮುಂಚೆಯೇ ‘ಇಲಸ್ಟ್ರೇಟೆಡ್ ವೀಕ್ಲಿ’ಯಲ್ಲಿ ಬರುತ್ತಿತ್ತು. ಹಾಗಾಗಿ ಇಂದ್ರಜಾಲ ನಂ. 1ರ ಬೆಲೆ ಪಾತ್ರ ಹುಟ್ಟಿದ್ದಕ್ಕಲ್ಲ, ಆ ಸರಣಿಯ ಮೊದಲ ಪುಸ್ತಕ ಎಂಬುದಕ್ಕೆ. ‘ಫ್ಯಾಂಟಮ್‌ನ ಜಗತ್ತಿನ ಮೊದಲ ಕಾಮಿಕ್ಸ್’ ಎಂದು ಯಾರಾದರೂ ಬೆಲೆ ಏರಿಸಿದರೆ ಒಪ್ಪಬೇಡಿ.

ಇಂದ್ರಜಾಲದಲ್ಲೇ ಹುಟ್ಟಿದ ನಾಯಕ ಬಹಾದೂರ್. ಆಬಿದ್ ಸುರತಿ 1976ರಲ್ಲಿ ಸೃಷ್ಟಿಸಿದ ಪಾತ್ರ, ಕೇಸರಿ ಕುರ್ತಾ, ನೀಲಿ ಜೀನ್ಸ್. ನಿಮ್ಮ ಟ್ರಂಕಿನಲ್ಲಿ ಆ ವರ್ಷದ ಕೊನೆಯ, ಮರುವರ್ಷದ ಮೊದಲ ಸಂಚಿಕೆಗಳಿದ್ದರೆ ಅವನ್ನು ಬೇರೆ ಎತ್ತಿಡಿ. ಪಾತ್ರದ ಆರಂಭ ಎಂಬ ದೃಷ್ಟಿಯಲ್ಲಿ ಅವುಗಳ ಹಕ್ಕು ಫ್ಯಾಂಟಮ್ ಸಂಚಿಕೆಗಳಿಗಿಂತ ಗಟ್ಟಿ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಫ್ಯಾಂಟಮ್ ಮುಖಪುಟ ಕಂಡಾಗ ಕೈ ಅತ್ತ ಹೋಗುತ್ತದೆ, ನಮ್ಮ ನೆಲದಲ್ಲೇ ಹುಟ್ಟಿದವನು ಕೆಳಗೇ ಉಳಿಯುತ್ತಾನೆ.

ಎಣಿಸುವ ಕ್ರಮ: ನಡುವೆ ಪಿನ್ನು ಹೊಡೆದ ಯಾವುದೇ ಪುಸ್ತಕದಲ್ಲಿ ಒಂದು ಹಾಳೆ ಮಡಚಿದರೆ ನಾಲ್ಕು ಪುಟ. ಹಾಗಾಗಿ ಮುಖಪುಟ ಬಿಟ್ಟು ಒಳಪುಟ ಎಣಿಸಿದರೆ ನಾಲ್ಕರಿಂದ ಭಾಗವಾಗಲೇಬೇಕು. 30 ಬಂತೆಂದರೆ ಒಂದು ಎಲೆ ಹೋಗಿದೆ, ಅದರ ಜೋಡಿ ಎಲೆ ಪಿನ್ನಿನಿಂದ ಸಡಿಲವಾಗಿ ನಿಂತಿರುತ್ತದೆ, ಮೆಲ್ಲನೆ ಮುಟ್ಟಿದರೆ ತಿಳಿಯುತ್ತದೆ. ಲೆಕ್ಕ ಸರಿ ಬಂದರೂ ನಡುಹಾಳೆ ಪೂರ್ತಿ ಬಿದ್ದುಹೋಗಿರಬಹುದು. ಅದಕ್ಕೆ ನಡುವಿನ ಎರಡು ಪುಟದ ಕಥೆ ಓದಿ ನೋಡಬೇಕು. ಮೊದಲ ಹತ್ತು ಸಂಚಿಕೆಗಳ 28 ಪುಟದಲ್ಲಿ ಫ್ಯಾಂಟಮ್ ಇರುವುದು 16 ಪುಟ ಮಾತ್ರ, ಉಳಿದದ್ದು ಬೇರೆ ಓದು. ‘ಕಥೆ ಮುಗಿಯಿತಲ್ಲ’ ಎಂದು ಆ ಪುಟಗಳನ್ನು ಕಿತ್ತ ಪ್ರತಿ ಅಪೂರ್ಣವೇ.

ಬೈಂಡಿನ ಮಾತು. ಬೈಂಡ್ ಮಾಡುವವರು ಅಂಚು ಸಮ ಮಾಡಲು ಮೂರು ಕಡೆ ಕತ್ತರಿಸುತ್ತಾರೆ, ಬೆನ್ನಿನ ಹತ್ತಿರ ಸೂಜಿಯಿಂದ ತೂತು ಹಾಕಿ ದಾರ ಎಳೆಯುತ್ತಾರೆ, ಮೇಲೆ ಮೈದಾ ಅಂಟು ಬಳಿಯುತ್ತಾರೆ. ಬಿಚ್ಚಿದರೆ ಈ ಮೂರರಲ್ಲಿ ಒಂದೂ ವಾಪಸಾಗುವುದಿಲ್ಲ, ಮೇಲೆ ಮುಖಪುಟ ಬೆನ್ನಿನಲ್ಲಿ ಹರಿಯುತ್ತದೆ. ಬೈಂಡಿನೊಳಗೆ ಮುಖಪುಟಗಳು ಉಳಿದಿವೆಯೇ, ಚಿತ್ರದ ಅಂಚು ಅಥವಾ ಪುಟಸಂಖ್ಯೆ ಕತ್ತರಿಗೆ ಸಿಕ್ಕಿದೆಯೇ ನೋಡಿ, ಒಂದು ಕಾಗದದ ಮೇಲೆ ಸಂಚಿಕೆಯ ಸಂಖ್ಯೆ ಬರೆದಿಡಿ. ಮುಂದಿನ ವರ್ಷಗಳಲ್ಲಿ ಬರೀ ಕ್ರಮಸಂಖ್ಯೆಯ ಬದಲು ಸಂಪುಟ, ಸಂಚಿಕೆ ಎಂದು ಮುದ್ರಿಸತೊಡಗಿದರು. ಅಂಥದರ ಮೇಲೆ ‘ನಂ. 1’ ಕಂಡರೆ ಅದು ಆ ಸಂಪುಟದ ಒಂದು, ಸರಣಿಯ ಒಂದಲ್ಲ. ಜೊತೆಗಿರುವ ಸಂಪುಟ ಸಂಖ್ಯೆ ಓದಿ.

ಅಮರ ಚಿತ್ರ ಕಥೆಯ ‘ಕೃಷ್ಣ’ ಎರಡು ಪ್ರತಿ ಇವೆ. ಒಂದರ ಮೇಲೆ 11, ಇನ್ನೊಂದರ ಮೇಲೆ 501. ಯಾವುದು ಮೊದಲಿನದು? ಮೊದಲ ಪುಸ್ತಕವೇ 11 ಹೇಗಾಯಿತು?
— ಹೊಳಲ್ಕೆರೆ

11 ಹಳೆಯದು. ಅನಂತ ಪೈ ಅವರ ಈ ಮಾಲೆಯ ಮೊದಲ ಹತ್ತು ಸಂಖ್ಯೆಗಳು ಸಿಂಡ್ರೆಲಾ ಥರದ ಪಾಶ್ಚಾತ್ಯ ಮಕ್ಕಳ ಕಥೆಗಳಿಗೆ ಹೋಗಿದ್ದವು. ನಮ್ಮ ಪುರಾಣದ ಕಥೆ ಶುರುವಾದದ್ದು 11ರಿಂದ, ರಾಮ್ ವಾಯೀರ್‌ಕರ್ ಬಿಡಿಸಿದ ‘ಕೃಷ್ಣ’. 501 ಎಂಬುದು ಎಷ್ಟೋ ವರ್ಷದ ಮೇಲೆ ಮಾಲೆಗೆ ಹೊಸ ಸಂಖ್ಯೆ ಕೊಟ್ಟಾಗಿನದು.

ಆದರೆ 11 ಎಂದಿದ್ದರೆ ಮೊದಲ ಮುದ್ರಣ ಎಂದಾಗುವುದಿಲ್ಲ. ಅದೇ ಸಂಖ್ಯೆಯಲ್ಲಿ ಅನೇಕ ಸಲ ಅಚ್ಚಾಗಿದೆ. ಎರಡು 11 ಎದುರಿಗಿದ್ದರೆ ಮುಖಪುಟದ ಬೆಲೆ ಹೋಲಿಸಿ, ಕಡಿಮೆ ಬೆಲೆಯದು ಸಾಮಾನ್ಯವಾಗಿ ಹಳೆಯದು. ಆಮೇಲೆ ಹಿಂಬದಿಯ ಪುಸ್ತಕಪಟ್ಟಿ ನೋಡಿ. ಪಟ್ಟಿಯ ಕೊನೆಯ ಸಂಖ್ಯೆ ಎಷ್ಟಿದೆಯೋ ಅಷ್ಟು ಪುಸ್ತಕ ಬಂದ ಮೇಲೆ ಅಚ್ಚಾದ ಪ್ರತಿ ಅದು. ಪಟ್ಟಿ 150ರ ತನಕ ಹೋಗಿದ್ದರೆ ಮೊದಲ ಮುದ್ರಣ ಎಂಬ ಮಾತು ಅಲ್ಲಿಗೆ ಮುಗಿಯಿತು. ಬೆಲೆಯ ಮೇಲೆ ಅಂಗಡಿಯ ಚೀಟಿ ಅಂಟಿಸಿದ್ದರೆ ಕೀಳಬೇಡಿ, ಮುಖಪುಟದ ಬಣ್ಣವೂ ಅದರ ಜೊತೆ ಬರುತ್ತದೆ. ಬೆಳಕಿಗೆ ಹಿಡಿದರೆ ಅಡಿಯ ಅಂಕಿ ಓದಬಹುದು.

ಟಿಂಕಲ್‌ನಲ್ಲಿ ಸುಪ್ಪಂಡಿ ನಂ. 1ರಿಂದಲೇ ಇದ್ದಾನೆಯೇ?
— ಚಳ್ಳಕೆರೆ

ಇಲ್ಲ. ಟಿಂಕಲ್ ಶುರುವಾದದ್ದು 1980ರ ನವೆಂಬರ್‌ನಲ್ಲಿ. ಸುಪ್ಪಂಡಿ ಬಂದದ್ದು 1983ರಲ್ಲಿ, 27ನೇ ಸಂಚಿಕೆಯಲ್ಲಿ. ಅವನ ಮುಖ ಬಿಡಿಸಿದವರೂ ‘ಕೃಷ್ಣ’ನನ್ನು ಬಿಡಿಸಿದ ವಾಯೀರ್‌ಕರ್ ಅವರೇ. ಶಿಕಾರಿ ಶಂಭು ಬಂದದ್ದೂ 1983ರಲ್ಲೇ. ಆಮೇಲೆ ಬಂದ ‘ಸುಪ್ಪಂಡಿ ವಿಶೇಷ’ ಸಂಕಲನಗಳು ಓದಲು ಒಳ್ಳೆಯವು, ಆರಂಭದ ಸಂಚಿಕೆಯ ಜಾಗಕ್ಕೆ ಬರುವುದಿಲ್ಲ.

ಗುಜರಿ ಅಂಗಡಿಯಲ್ಲಿ ‘ಆ್ಯಕ್ಷನ್ ಕಾಮಿಕ್ಸ್ ನಂ. 1, ಜೂನ್ 1938, 10 ಸೆಂಟ್’ ಎಂದು ಮುದ್ರಿಸಿದ ಪುಸ್ತಕ ಸಿಕ್ಕಿದೆ. ಒಳಗೆಲ್ಲ ಹಳೆಯ ಜಾಹೀರಾತುಗಳೇ. ಪುಸ್ತಕ ಮಾತ್ರ ದೊಡ್ಡದು.
— ಮಂಡಿಪೇಟೆ, ದಾವಣಗೆರೆ

‘ದೊಡ್ಡದು’ ಎಂದಿರಲ್ಲ, ಉತ್ತರ ಅದರಲ್ಲೇ ಇದೆ. ಸ್ಕೇಲ್ ಇಟ್ಟು ಅಳೆಯಿರಿ. ಆ ಕಾಲದ ಅಸಲಿ ಕಾಮಿಕ್ಸ್ ಸುಮಾರು 7¾ ಇಂಚು ಅಗಲ, 10½ ಇಂಚು ಎತ್ತರ. ನಿಮ್ಮದು 10 ಇಂಚು ಅಗಲ, 13½ ಇಂಚು ಎತ್ತರದ ಹತ್ತಿರ ಬಂದರೆ ಅದು 1974ರಲ್ಲಿ ಆ್ಯಕ್ಷನ್ ಕಾಮಿಕ್ಸ್‌ನ ಪ್ರಕಾಶಕರಾದ ಡಿ.ಸಿ. ಸಂಸ್ಥೆಯೇ ತಂದ ‘ಫೇಮಸ್ ಫಸ್ಟ್ ಎಡಿಷನ್’. ಅದಕ್ಕೆ ಹೊರಗೊಂದು ದಪ್ಪ ರಕ್ಷಾಪುಟ ಇತ್ತು, ಮರುಮುದ್ರಣ ಎಂದು ಅದರ ಮೇಲೆ ಸ್ಪಷ್ಟವಾಗಿ ಹಾಕಿದ್ದರು. ಒಳಗಿನದು ಮೊದಲ ಸಂಚಿಕೆಯ ತದ್ರೂಪು, ಜಾಹೀರಾತಿನ ಸಮೇತ. ಹೊರ ರಕ್ಷಾಪುಟ ಕಿತ್ತು ಒಳಗಿನದನ್ನು ಅಸಲಿ ಎಂದು ಮಾರುವುದು ಹಳೆಯ ಚಾಳಿ.

ಅಳತೆ ಸರಿ ಬಂದರೂ ಇನ್ನೆರಡು ಪರೀಕ್ಷೆ ಮಾಡಿ. ನೋಟು ನೋಡುವ ನೀಲಿ ಬೆಳಕಿನ ದೀಪ ಅಂಗಡಿಗಳಲ್ಲಿ ಇರುತ್ತದಲ್ಲ, ಕತ್ತಲಲ್ಲಿ ಅದನ್ನು ಹಾಳೆಯ ಮೇಲೆ ಬಿಡಿ. ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು 1950ರ ಆಸುಪಾಸಿನಲ್ಲಿ. ಹಾಳೆ ನೀಲಿ ಬಿಳುಪಾಗಿ ಹೊಳೆದರೆ 1938ರದಾಗಲು ಸಾಧ್ಯವಿಲ್ಲ. ಹೊಳೆಯದಿದ್ದರೆ ಹಳೆಯದೆಂದು ಸಾಬೀತಾಗದು, ಏಕೆಂದರೆ ಅಗ್ಗದ ನ್ಯೂಸ್‌ಪ್ರಿಂಟಿಗೆ ಈಚೆಗೂ ಆ ರಾಸಾಯನಿಕ ಹಾಕದೇ ಇರಬಹುದು. ಇನ್ನೊಂದು, ಅಕ್ಕಸಾಲಿಗರ ಹತ್ತುಪಟ್ಟು ಲೆನ್ಸಿನಿಂದ ಬಣ್ಣದ ಚುಕ್ಕಿ ನೋಡುವುದು. ಅಸಲಿಯಲ್ಲಿ ಕಪ್ಪು ಗೆರೆ ಗಟ್ಟಿಯಾಗಿ ಒಂದೇ ಸಮ ಇರುತ್ತದೆ. ಮುದ್ರಿತ ಪುಟವನ್ನೇ ಫೋಟೊ ತೆಗೆದು ಅಚ್ಚು ಹಾಕಿದ್ದರೆ ಕಪ್ಪು ಗೆರೆಯೂ ಚುಕ್ಕಿಗಳಾಗಿ ಒಡೆದಿರುತ್ತದೆ.

ಒಂದೇ ಸಂಚಿಕೆಯ ಎರಡು ಪ್ರತಿ. ಒಂದು 4.0, ನೀಲಿ ಚೀಟಿ. ಇನ್ನೊಂದು 7.0, ನೇರಳೆ ಚೀಟಿ, ಬೆಲೆ ಹೆಚ್ಚುಕಡಿಮೆ ಒಂದೇ. 7 ದೊಡ್ಡದಲ್ಲವೇ?
— ಪಿ.ಜೆ. ಬಡಾವಣೆ, ದಾವಣಗೆರೆ

ಸಿ.ಜಿ.ಸಿ.ಯ ಹತ್ತರ ಅಳತೆಯಲ್ಲಿ 7 ದೊಡ್ಡದೇ. ಆದರೆ ನೇರಳೆ ಎಂದರೆ ದುರಸ್ತಿ ಮಾಡಿದ ಪ್ರತಿ: ಬಣ್ಣ ತುಂಬಿದ್ದು, ಕಾಗದ ಸೇರಿಸಿದ್ದು, ಅಂಚು ಕತ್ತರಿಸಿದ್ದು. ಆ 7 ದುರಸ್ತಿಯ ನಂತರದ ನೋಟಕ್ಕೆ ಸಿಕ್ಕಿದ ಅಂಕ. ನೀಲಿ 4.0 ಕೊಳ್ಳಿ. ಮುಂದೆ ಮಾರಲು ಹೋದಾಗಲೂ ಅದಕ್ಕೇ ಗಿರಾಕಿ ಬೇಗ ಸಿಗುತ್ತಾರೆ. ಚೀಟಿಯ ಮೇಲೆ ಹಾಳೆಯ ಬಣ್ಣವನ್ನೂ ಬರೆದಿರುತ್ತಾರೆ: ಬಿಳಿ, ಮಾಸಲು ಬಿಳಿ, ಕೆನೆ, ಕಂದು. ‘ಬ್ರಿಟಲ್’ ಎಂದು ಬರೆದಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ, ಹಾಳೆ ಹಪ್ಪಳದಂತೆ ಮುರಿಯುತ್ತದೆ ಎಂದರ್ಥ.

ಡಬ್ಬಿಯಲ್ಲಿರದ ಪುಸ್ತಕದಲ್ಲಿ ಬಣ್ಣ ತುಂಬಿದ್ದನ್ನು ಹಿಡಿಯಲು ಮುಖಪುಟದ ಒಳಮೈ ನೋಡಿ. ಬೆನ್ನಿನ ಬಿಳಿ ಗೆರೆಗಳ ಮೇಲೆ ಸ್ಕೆಚ್ ಪೆನ್ ಎಳೆದಿದ್ದರೆ ಶಾಯಿ ಒಳಕ್ಕೆ ಇಳಿದು ಕಲೆ ಕಾಣುತ್ತದೆ. ಬೆಲೆ ಹೋಲಿಸುವಾಗ ಕೇಳುವ ಬೆಲೆ ಬೇಡ, ಅದೇ ಸಂಚಿಕೆ, ಅದೇ ದರ್ಜೆ, ಅದೇ ಬಣ್ಣದ ಚೀಟಿ ನಿಜವಾಗಿ ಮಾರಾಟವಾದ ಬೆಲೆ ಹುಡುಕಿ.

ಮನೆ ಆಜಾದ್ ನಗರದ ಮಂಡಕ್ಕಿ ಭಟ್ಟಿಗಳ ಹತ್ತಿರ. ಕಪಾಟಿನಲ್ಲಿಟ್ಟರೂ ಪುಸ್ತಕಕ್ಕೆ ಮಸಿ, ಹೊಗೆಯ ವಾಸನೆ. ಈಗ ಬೆಳ್ಳಿಹುಳವೂ ಬಂದಿದೆ. ಬೇವಿನ ಎಲೆ ಇಟ್ಟಿದ್ದೇನೆ.
— ದಾವಣಗೆರೆ

ಬೇವಿನ ಎಲೆಯನ್ನು ಇಂದೇ ತೆಗೆಯಿರಿ. ಎಲೆಯ ರಸ ನ್ಯೂಸ್‌ಪ್ರಿಂಟಿನ ಮೇಲೆ ಕಂದು ಕಲೆ ಬಿಡುತ್ತದೆ, ಅದು ಹೋಗುವುದಿಲ್ಲ. ನುಸಿ ಗುಳಿಗೆಯೂ ಪುಸ್ತಕದ ಡಬ್ಬಿಯೊಳಗೆ ಬೇಡ.

ಮಸಿಯನ್ನು ಬಟ್ಟೆಯಿಂದ ಒರೆಸಬೇಡಿ, ಎಣ್ಣೆಯಂಶ ಕಾಗದದೊಳಕ್ಕೆ ಹೋಗುತ್ತದೆ. ಮೆತ್ತನೆಯ ಒಣ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಮಾತ್ರ ಗುಡಿಸಿ. ವಾಸನೆಗೆ: ಮುಚ್ಚಳದ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಬಟ್ಟಲಲ್ಲಿ ಅಡುಗೆ ಸೋಡಾ ಇಟ್ಟು, ಮೇಲೆ ಜಾಲರಿ, ಅದರ ಮೇಲೆ ಪುಸ್ತಕ ಸ್ವಲ್ಪ ತೆರೆದಿಟ್ಟು, ಒಂದೆರಡು ವಾರ ಮುಚ್ಚಿಡಿ. ಸೋಡಾ ಪುಸ್ತಕಕ್ಕೆ ತಗುಲಬಾರದು.

ಬೆಳ್ಳಿಹುಳಕ್ಕೆ ಫ್ರೀಜರ್ ಒಳ್ಳೆಯ ಮದ್ದು. ಪುಸ್ತಕವನ್ನು ಗಾಳಿ ತೆಗೆದ ಜಿಪ್ ಕವರಿನಲ್ಲಿ ಹಾಕಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ. ಆತುರಪಟ್ಟು ಬಿಚ್ಚಿದರೆ ಹೊರಗಿನ ಗಾಳಿಯ ತೇವ ತಣ್ಣನೆಯ ಹಾಳೆಯ ಮೇಲೆ ಬೆವರಿನಂತೆ ಕೂತು ಪಿನ್ನು ತುಕ್ಕು ಹಿಡಿಯುತ್ತದೆ. ಈಗಾಗಲೇ ತುಕ್ಕು ಹಿಡಿದ ಪಿನ್ನನ್ನು ಮನೆಯಲ್ಲಿ ಕೀಳಬೇಡಿ, ಅದರ ಸುತ್ತಲಿನ ಕಾಗದವೂ ಪುಡಿಯಾಗಿರುತ್ತದೆ.

ಇಡುವುದಕ್ಕೆ ಪಾಲಿಪ್ರೊಪಿಲೀನ್ ಕವರ್ ಸಾಕು, ಐದಾರು ವರ್ಷಕ್ಕೊಮ್ಮೆ ಬದಲಿಸಿ. ಬೆಲೆಬಾಳುವವಕ್ಕೆ ಮೈಲಾರ್ ಎಂಬ ಪಾಲಿಯೆಸ್ಟರ್ ಕವರ್. ಕವರು ಪುಸ್ತಕಕ್ಕಿಂತ ಕಾಲು ಇಂಚು ದೊಡ್ಡದಿರಲಿ, ಬಿಗಿಯಾದರೆ ಮೂಲೆ ಮಡಚುತ್ತದೆ. ಹಿಂದೆ ಆಮ್ಲರಹಿತ ರಟ್ಟು ಇಡಿ. ಮಾಮೂಲಿ ಅಟ್ಟೆಪೆಟ್ಟಿಗೆಯ ರಟ್ಟು ಬೇಡ, ಅದರ ಆಮ್ಲವೇ ಹಾಳೆಯನ್ನು ಹಳದಿ ಮಾಡುತ್ತದೆ. ಸೆಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ. ಪೆಟ್ಟಿಗೆಯಲ್ಲಿ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಿದರೆ ಅಡಿಯವುಗಳ ಬೆನ್ನು ಸೊಟ್ಟಗಾಗುತ್ತದೆ. ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ ಬೇಸಿಗೆಯಲ್ಲಿ ತಾರಸಿಯ ಕೆಳಗಿನ ಅಟ್ಟ ಕಾದ ಹೆಂಚಿನಂತಿರುತ್ತದೆ. ನ್ಯೂಸ್‌ಪ್ರಿಂಟ್ ಅಲ್ಲಿ ಬೇಗ ಕಂದಾಗಿ ಮುರಿಯುತ್ತದೆ. ಪೆಟ್ಟಿಗೆಯನ್ನು ನೆಲಮಹಡಿಯ ನಡುಮನೆಯಲ್ಲಿ, ಹೊರಗೋಡೆಗೆ ತಾಗದಂತೆ, ಗೆದ್ದಲು ಹತ್ತದ ಹಾಗೆ ನೆಲದಿಂದ ನಾಲ್ಕು ಇಂಚು ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಿ.